ಗೇಟಿಗೊಬ್ಬ ಪೊಲೀಸ್

ಶಾಲೆಯ ಆ ಕೋಣೆಯ ಬಾಗಿಲವರೆಗೆ ಬಂದ ಡಿಯೋನಾ ಹೊಸ್ತಿಲು ದಾಟಲಿಲ್ಲ. ಒಳಗೆ ಗೋಡೆಗೆ ತಿಳಿ ಹಸಿರು ಬಣ್ಣ ಬಳಿದಿದ್ದರು, ಮೆತ್ತನೆಯ ಎರಡು ಕುರ್ಚಿ ಹಾಕಿದ್ದರು. ಹದಿನೈದರ ಹುಡುಗಿ ಅದಾವುದನ್ನೂ ನೋಡದೆ ಕಾರಿಡಾರಿನ ಗೋಡೆಗೆ ಬೆನ್ನು ಒತ್ತಿ ನಿಂತಳು.

"ಬಾರೇ ಮರಿ. ಈಗ ಇದು ಅವನ ರೂಮಲ್ಲ," ಅಂದಳು ಅಜ್ಜಿ ಅಲ್ಬರ್ಟಾ. "ನಾನು ಬಟ್ಟೆ ಒಗೀತಿದ್ದ ಆಸ್ಪತ್ರೆ ಲಾಂಡ್ರೀಲೂ ಇದೇ ದರಿದ್ರ ಬಣ್ಣ. ಆದ್ರೂ ನಾನು ಮೂವತ್ತು ವರ್ಷ ಒಳಗೆ ಹೋದೆನಲ್ಲ."

ಡಿಯೋನಾ ನಗಲಿಲ್ಲ. "ಆಗಲ್ಲ ಅಜ್ಜಿ."

ಎರಡು ವರ್ಷದ ಹಿಂದೆ ಅದು ಶಾಲೆಯಲ್ಲೇ ಇರಲು ನೇಮಿಸಿದ್ದ ಪೊಲೀಸ್ ಹ್ಯಾಸ್ಕೆಲ್‌ನ ಕೋಣೆ. ಒಂದು ದಿನ ಕ್ಲಾಸಿನಲ್ಲಿ ಡಿಯೋನಾಳ ಫೋನು ಹೊಡೆದುಕೊಂಡಿತು. ಟೀಚರ್ ಕೇಳಿದರೆ ಕೊಡಲಿಲ್ಲ. ಹಿಂದೆಲ್ಲ ಅಂಥದ್ದಕ್ಕೆ ಮನೆಗೊಂದು ಚೀಟಿ ಬರುತ್ತಿತ್ತು. ಅವತ್ತು ಹ್ಯಾಸ್ಕೆಲ್ ಬಂದ. ಹದಿಮೂರರ ಹುಡುಗಿಯ ಕೈಗಳನ್ನು ಬೆನ್ನ ಹಿಂದಕ್ಕೆ ತಿರುಚಿ ಬೇಡಿ ಹಾಕಿ, ಎಲ್ಲರೂ ನೋಡುತ್ತಿರುವಂತೆಯೇ ನಡೆಸಿಕೊಂಡು ಬಂದು, ಇಲ್ಲಿ ಮೂರು ಗಂಟೆ ಕೂರಿಸಿದ. ಆ ವರ್ಷ ಬೇಡಿ ಬಿದ್ದ ಒಂಬತ್ತು ಮಕ್ಕಳೂ ಕಪ್ಪು ಮಕ್ಕಳೇ. ಅಂದಿನಿಂದ ಡಿಯೋನಾ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳಿದ್ದಿಲ್ಲ. ಚರ್ಚಿನಲ್ಲಿ ಹಾಡುವುದನ್ನೂ ಬಿಟ್ಟಳು. ಈ ಬೇಸಿಗೆಯಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆ ಊರಿನ ಶಾಲಾ ಮಂಡಳಿ ಮತ ಹಾಕಿ ಪೊಲೀಸರನ್ನು ಶಾಲೆಗಳಿಂದ ವಾಪಸ್ ಕಳಿಸಿತು. ಅವರ ಜಾಗಕ್ಕೆ ಮಕ್ಕಳ ಮಾತು ಕೇಳುವ ಆಪ್ತಸಮಾಲೋಚಕರು ಬಂದರು. ಈ ಶಾಲೆಗೆ ಬಂದವನು ಟೆರನ್ಸ್, ಇವರದೇ ಕೇರಿಯಲ್ಲಿ ಬೆಳೆದವನು. ಅವನ ಹತ್ತಿರ ಮಾತಾಡಿಸಲೆಂದೇ ಅಲ್ಬರ್ಟಾ ಮೊಮ್ಮಗಳನ್ನು ಕರೆತಂದಿದ್ದಳು.

"ಬಲವಂತ ಮಾಡ್ಬೇಡಿ, ಮಿಸ್ ಅಲ್ಬರ್ಟಾ," ಎಂದ ಟೆರನ್ಸ್, ಎರಡೂ ಕುರ್ಚಿಗಳನ್ನು ಎತ್ತಿಕೊಂಡು ಬಂದು ಕಾರಿಡಾರಿನಲ್ಲೇ ಹಾಕಿದ. "ಇಲ್ಲೇ ಕೂತು ಮಾತಾಡ್ಕೊಳ್ಳಿ. ನಾನು ಆ ಕಡೆ ಇರ್ತೀನಿ."

ಅಲ್ಬರ್ಟಾ ಕೂತಳು. ಡಿಯೋನಾ ನಿಂತೇ ಇದ್ದಳು. ತೆರೆದ ಬಾಗಿಲನ್ನೇ ನೋಡುತ್ತ ಮುದುಕಿ ಮೆಲ್ಲಗೆ ಹೇಳಿದಳು:

"ಆ ಹ್ಯಾಸ್ಕೆಲ್‌ನನ್ನ ಕರೆಸಿದ್ದು ನಾನು, ಮರಿ."

ಅವಳು ಹೊರಗಿನ ಗೇಟಿನ ಕಡೆ ಕೈ ತೋರಿದಳು.

"ನಮ್ಮ ಬೀದಿಯ ಹುಡುಗ ಲಾಟ್ರೆಲ್, ಈ ಗೇಟಿನ ಹತ್ರ ಗುಂಡು ತಗುಲಿ ಸತ್ತನಲ್ಲ, ಆಗ ನಿನಗೆ ಏಳು ವರ್ಷ. ಅವನ ಪೆಟ್ಟಿಗೆ ಮಣ್ಣಿಗಿಳಿಸಿದ್ದು ನೋಡಿ ಬಂದೋಳಿಗೆ ನಿದ್ದೆ ಹತ್ಲಿಲ್ಲ. ನಾಳೆ ನೀನೂ ಇದೇ ಗೇಟಲ್ಲಿ ಬರಬೇಕಲ್ಲ. ಚರ್ಚಿನ ನಲವತ್ತು ಹೆಂಗಸರನ್ನ ಕರ್ಕೊಂಡು ಮಂಡಳಿಯವರ ಮುಂದೆ ಹೋದೆ. ಮೈಕ್ ಹಿಡ್ಕೊಂಡು ಅಳ್ತಾ ಕೇಳಿದೆ, ನಮ್ಮ ಮಕ್ಕಳಿಗೊಬ್ಬ ಪೊಲೀಸ್ ಕೊಡಿ ಅಂತ." ಅವಳು ಮೊಮ್ಮಗಳತ್ತ ತಿರುಗಿದಳು. "ನಾವು ಕೇಳಿದ್ದು ಗೇಟಿಗೆ, ಡಿಯೋನಾ. ಅವರು ಕೊಟ್ಟಿದ್ದು ಕ್ಲಾಸಿಗೆ."

"ಗೊತ್ತು."

"ಏನು ಗೊತ್ತು?"

"ನೀನೇ ಕರೆಸಿದ್ದು ಅಂತ. ಅವನೇ ಹೇಳಿದ." ಹುಡುಗಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ಬೇಡಿ ಹಾಕುವಾಗ ಕಿವಿ ಹತ್ರ ಬಗ್ಗಿ, 'ನಿಮ್ಮಜ್ಜಿ ಬೇಡ್ಕೊಂಡಿದ್ದಕ್ಕೇ ನಾನಿಲ್ಲಿರೋದು, ಸುಮ್ನೆ ನಡಿ' ಅಂದ. ಸುಮ್ನೆ ನಡೆದೆ."

ಅಲ್ಬರ್ಟಾಳ ಮುಖ ಕಳೆಗುಂದಿತು. ಕಾರಿಡಾರಿನ ಕೊನೆಯಲ್ಲಿ ಟೆರನ್ಸ್ ಕಿಟಕಿಯತ್ತ ಮುಖ ತಿರುಗಿಸಿದ.

"ಎರಡು ವರ್ಷ," ಅಂದಳು ಅಜ್ಜಿ. "ಒಂದೇ ಸೂರಿನಡಿ ಎರಡು ವರ್ಷ. ಒಂದು ಸಲ ನನಗೆ ಹೇಳ್ಬಾರ್ದಿತ್ತಾ?"

ಡಿಯೋನಾ ಗೋಡೆ ಬಿಟ್ಟು ಬಂದು ಪಕ್ಕದ ಕುರ್ಚಿಯಲ್ಲಿ ಕೂತಳು. ತಿರುಗಿ ಅಜ್ಜಿಯ ಮುಖ ನೋಡಿದಳು.

"ಹೇಳಿದ್ರೆ ನಿನ್ನ ಮುಖ ಹೀಗಾಗ್ತಿತ್ತು."