ಗಾಳಿಯೊಳಗಿನ ಕರೆಂಟು

ಒಂದೂರಾಗ ಎಣ್ಣಿ-ಬತ್ತಿ ಇಲ್ಲದ ದೀಪ ಹಚ್ಚೋ ರಾಜ ಇದ್ದನಂತ. ಆ ಊರು ಭಾಲ್ಕಿ; ರಾಜ ಅಂದರೆ ಅನುಸೂಯಾಬಾಯಿಯ ಗಂಡ, ಕಿರಾಣಿ ಅಂಗಡಿಯ ಶಿವರಾಜಪ್ಪ. ಅವನು ಸುತ್ತಿದ ತಾಮ್ರದ ತಂತಿಯ ಸುರುಳಿಯ ಮೇಲೆ ಪುಟ್ಟ ಬಲ್ಬು ಉರಿಯುತ್ತಿತ್ತು. "ನೋಡ್ರಿ, ಗಾಳಿಯೊಳಗಿನ ಕರೆಂಟು! ಬ್ಯಾಟರಿ ಬೇಕೇ ಇಲ್ಲ," ಎಂದು ನೆರೆದವರ ಮುಂದೆ ಮೀಸೆ ತಿರುವಿದ.

ಅನುಸೂಯಾಬಾಯಿಗೆ ಬಲ್ಬು ಬೇಕಿರಲಿಲ್ಲ. ಹೈದರಾಬಾದ್ ಸಂಸ್ಥಾನದ ರಜಾಕಾರರ ಕಾಟಕ್ಕೆ ಗಡಿ ದಾಟಿದ ತಮ್ಮ ಇನ್ನು ಮನಿಗೆ ಬರಬಹುದೋ ಇಲ್ಲವೋ, ಅಷ್ಟು ತಿಳಿಯಬೇಕಿತ್ತು. ಹಿಂದುಸ್ತಾನದ ಫೌಜು ಬೀದರಕ್ಕೆ ಬಂತೆಂದು ಒಬ್ಬರು, ಸುಳ್ಳೆಂದು ಇನ್ನೊಬ್ಬರು. ಮನಿಯ ರೇಡಿಯೋ ಮೂಕಾಗಿತ್ತು. "ಬ್ಯಾಟರಿ ಸತ್ತದ. ನನ್ನ ಯಂತ್ರದಿಂದ ಮಾತಾಡಿಸ್ತೇನಿ," ಎಂದು ಗಂಡ ದಿನಾ ಮಾತು ಕೊಡುತ್ತಿದ್ದ.

ಇವತ್ತು ನೆರೆದವರ ಮುಂದೆಯೇ ಅವಳು ಸುರುಳಿಯನ್ನೇ ಎತ್ತಿದಳು. ಅದರ ಕೆಳಗೆ ಹಾಸಿದ್ದ ಮಖಮಲ್ಲಿನ ಬಟ್ಟೆಯ ಮಡಿಕೆಯಿಂದ ರೇಡಿಯೋದ ಬ್ಯಾಟರಿ ಧಪ್ಪೆಂದು ಬಿತ್ತು. ಬಲ್ಬು ಆರಿತು.

"ಇದೇನ್ರಿ ಗಾಳಿ? ಈ ಹುಸಿ ದೀಪಕ್ಕ ನನ್ನ ತಮ್ಮನ ಸುದ್ದಿ ಸುಟ್ರೇನು?"

"ಒಂದ್ಸಲ ಸುರು ಆದ್ರ ತಾನೇ ಓಡ್ತದ, ತಡಿ..."

"ತಾನೇ ಓಡೋದು ನಿಮ್ಮ ನಾಲಿಗಿ ಒಂದೇ!"

ಅವಳು ಬ್ಯಾಟರಿಯನ್ನು ರೇಡಿಯೋಕ್ಕೆ ಸಿಕ್ಕಿಸಿದಳು. ರೇಡಿಯೋ ಗೊರಗೊರ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹೈದರಾಬಾದಿನ ಫೌಜು ಶಸ್ತ್ರ ಕೆಳಗಿಟ್ಟಿತೆಂದು ಓಣಿಗೆಲ್ಲ ಕೇಳುವಂತೆ ಮಾತಾಡಿತು.