ಸಾಲ್ವದೊರನ ಆಕ್ಷೇಪ

"ಈ ಮದುವೆಗೆ ನನ್ನ ಆಕ್ಷೇಪ ಉಂಟು" ಎಂದು ಬಂಟ್ವಾಳದ ಬೇಕರಿಯ ಸಾಲ್ವದೊರ್, ಮೂಡಬಿದ್ರೆಯ ಮಿಷನ್ ಚರ್ಚಿನ ಪಾದ್ರಿ ಅಯ್ಯನವರ ಮೇಜಿನ ಮೇಲೆ ಕೈ ಕುಟ್ಟಿದ. ವಯಸ್ಸು ಐವತ್ತೆರಡು, ಸಿಟ್ಟು ಇಪ್ಪತ್ತರದ್ದು. ಮಗಳು ಎವ್ಲಿನ್ ಮಿಷನ್ ಶಾಲೆಯ ಸುಗುಣಾಕರ ಮಾಸ್ಟರನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದಿದ್ದಳು. ಎರಡು ಆದಿತ್ಯವಾರ ಈ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಿಯಾಗಿತ್ತು. ನಾಳೆ ಮೂರನೆಯದನ್ನೂ ಓದಿದರೆ ಮುಗಿಯಿತು, ಆಮೇಲೆ ಯಾರ ಆಕ್ಷೇಪವೂ ನಡೆಯದು.

ಬೇಡವೆಂದರೂ ಅವನ ಜೊತೆ ಬಸ್ಸು ಹತ್ತಿ ಬಂದಿದ್ದ ತಾಯಿ, ಎಂಬತ್ತರ ಮೊನಿಕಾಬಾಯಿ, ಬೆಂಚಿನ ಮೇಲೆ ಕೂತು ಎಲೆ ಮೆಲ್ಲುತ್ತಿದ್ದಳು.

"ಏನು ಆಕ್ಷೇಪ ಪೊರ್ಬುಗಳೇ?" ಅಯ್ಯನವರು ಕೇಳಿದರು.

"ನಾವು ತಲೆತಲಾಂತರದಿಂದ ಇಗರ್ಜಿಯವರು, ಕೆಥೋಲಿಕರು; ನಿಮ್ಮ ಹಾಗೆ ಪ್ರೊಟೆಸ್ಟೆಂಟರಲ್ಲ. ಒಬ್ಬನೂ ಆಚೆ ಈಚೆ ಹೋದದ್ದಿಲ್ಲ. ಹುಡುಗನ ಅಜ್ಜ ಎಲೀಯ ಯಾವ ಜಾತಿಯಿಂದ ಬಂದವನೋ ಏನೋ! ನಿಮ್ಮ ಪುಸ್ತಕ ತೆಗೆದು ತೋರಿಸಿ."

"ಯಾವ ವರ್ಷದ್ದು ತೆಗೆಯಲಿ?"

"ಸಾವಿರದ ಒಂಬೈನೂರ ಒಂಬತ್ತು" ಎಂದಳು ಮೊನಿಕಾಬಾಯಿ, ಅವಳನ್ನು ಯಾರೂ ಕೇಳದಿದ್ದರೂ. "ಎಲೀಯನ ಹೆಸರು ಅದರಲ್ಲಿ ಉಂಟು."

ಅಯ್ಯನವರು ದೀಕ್ಷಾಸ್ನಾನದ ಹಳೆಯ ಪುಸ್ತಕ ಬಿಚ್ಚಿ ಧೂಳು ಊದಿದರು. ಎಲೀಯನ ಹೆಸರು ಸಿಕ್ಕಿತು, ಆದರೆ ಸಾಕ್ಷಿಯ ಜಾಗದಲ್ಲಿ. ಮಗುವನ್ನು ಎತ್ತಿಕೊಂಡು ನಿಂತವನು ಅವನು. ಮಗುವಿನ ಹೆಸರು ಸಾಲ್ವದೊರ್, ತಂದೆ ಕಜೆತಾನ್, ತಾಯಿ ಮೊನಿಕಾ.

ಸಾಲ್ವದೊರ್ ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ. ಅಕ್ಷರಗಳು ಇದ್ದ ಹಾಗೆಯೇ ಇದ್ದವು.

"ಮಾಂಯ್, ಇದೇನಿದು?"

"ನಿನ್ನಪ್ಪನ ಸಿಟ್ಟು. ಆಗ ನಾವು ಇದ್ದದ್ದು ಇದೇ ಊರಲ್ಲಿ. ತೆನೆ ಹಬ್ಬಕ್ಕೆ ಇಗರ್ಜಿಯಲ್ಲಿ ಎಲ್ಲರಿಗೂ ಕಬ್ಬು ಹಂಚಿದರು. ಇವರ ಸರದಿ ಬರುವಾಗ ಮುಗಿದಿತ್ತು. ಸೀದಾ ಇಲ್ಲಿಗೆ ಬಂದು ಸೇರಿದರು. ಆಮೇಲೆ ನಮ್ಮವರು ಯಾರೂ ನಮ್ಮ ಮನೆ ಮೆಟ್ಟಲಿಲ್ಲ. ನೀನು ಹುಟ್ಟಿದಾಗ ಬಿಸಿನೀರು ಕಾಸಿಕೊಟ್ಟದ್ದು ಎಲೀಯನ ಹೆಂಡತಿ."

"ಮತ್ತೆ ವಾಪಸು ಹೋದದ್ದು?"

"ಒಂದು ವರ್ಷ ಹೇಗೋ ತಡೆದರು. ಇಲ್ಲಿ ಕಳ್ಳು ಕುಡಿಯಲಿಕ್ಕೆ ಬಿಡುವುದಿಲ್ಲವಲ್ಲ! ವಾಪಸು ಹೋದಾಗ ಇಗರ್ಜಿಯ ಪದ್ರಾಬರು, ಯಾವುದಕ್ಕೂ ಇರಲಿ ಅಂತ, ನಿನಗೆ ಇನ್ನೊಮ್ಮೆ ನೀರು ಹೊಯ್ದರು. ಎರಡು ಸಲ ಹೊಯ್ದರೂ ನಿನ್ನ ತಲೆ ತಣ್ಣಗಾಗಲಿಲ್ಲ ಮಾರಾಯ."

ಸಾಲ್ವದೊರನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಮುದುಕಿ ಬಸ್ಸು ಹತ್ತಿದ್ದು ಯಾಕೆಂದು ಈಗ ತಿಳಿಯಿತು. ಮೊಮ್ಮಗಳ ಮೇಲೆ ಅವಳಿಗೆ ಅಷ್ಟು ಪ್ರೀತಿ. ಆದರೂ ಬಿದ್ದವನ ಮೀಸೆ ಮಣ್ಣಾಗಬಾರದಲ್ಲ.

"ಅದೆಲ್ಲ ಹಳೇ ಕಥೆ. ನನ್ನ ಆಕ್ಷೇಪ ಆಕ್ಷೇಪವೇ. ಕಾಗದ ಕೊಡಿ, ಬರೆದುಕೊಡ್ತೇನೆ."

ಅಯ್ಯನವರು ಕಾಗದವನ್ನೂ ಪೆನ್ನನ್ನೂ ಅವನ ಮುಂದಿಟ್ಟರು.

"ಧಾರಾಳ ಬರೀರಿ. ಹೊರಗಿನವರ ಆಕ್ಷೇಪ ನಾನು ತೆಗೆದುಕೊಳ್ಳುವುದಿಲ್ಲ. ನಿಮ್ಮದು ತೆಗೆದುಕೊಳ್ಳಲೇಬೇಕು, ನಿಮ್ಮ ಹೆಸರು ಇಲ್ಲಿ ಯಾರೂ ಹೊಡೆದುಹಾಕಿಲ್ಲ. ರುಜುವಿನ ಕೆಳಗೆ 'ಈ ಮಿಷನ್ ಸಭೆಯ ಸದಸ್ಯ' ಅಂತ ಮಾತ್ರ ಸೇರಿಸಿ. ನಾಳೆ ಎಲ್ಲರ ಮುಂದೆ ಅದನ್ನೂ ಓದ್ತೇನೆ."