ಗೋಡೆಗೊಂದು ವನ್ಸ್ ಮೋರ್

ಆರುನೂರು ಪುಟದ ಹಳೆಯ ಕಾದಂಬರಿಯನ್ನು ನಿರ್ದೇಶಕರು ಒಂದೇ ಒಂದು ಮಾತೂ ಇಲ್ಲದ ಪ್ರಯೋಗವಾಗಿ ರಂಗಕ್ಕೆ ತಂದಿದ್ದರು. ನಾಯಕಿ ಉದ್ದಕ್ಕೂ ಗೋಡೆ ನೋಡುತ್ತಾಳೆ. ಗೋಡೆಯ ಪಾತ್ರಕ್ಕೆ ಕಂಪನಿ ನಾಟಕಗಳ ಹಳೆಯ ಹುಲಿ ನೀಲಗಂಗವ್ವ.

“ವನ್ಸ್ ಮೋರ್ ಬೀಳದ್ದು ಎಂಥಾ ನಾಟಕಾ ರೀ ಸರ?” ಎಂದು ನೀಲಗಂಗವ್ವ ತಾಲೀಮಿನಲ್ಲೇ ಗೊಣಗಿದ್ದರು.

“ಅದೆಲ್ಲಾ ಹಳೇ ಚಾಳಿ, ಯವ್ವಾ. ನನ್ನ ನಾಟಕಕ್ಕ ಯಾರರ ಹಂಗ ಕೂಗಿದ್ರ, ನಾ ನಾಟಕಾ ಮಾಡೋದ ಬಿಡ್ತೀನಿ!”

ಪ್ರದರ್ಶನದ ದಿನ ಅರ್ಧ ನಾಟಕ ಮುಗಿದ ಮೇಲೆ ಜನ ಹೊರಗೆ ಹೋಗಿ ಚಹಾ, ಭಜಿ ಮುಗಿಸಿ ಬಂದು ಕೂತರು. ನಾಯಕಿ ಮತ್ತೆ ಗೋಡೆ ನೋಡತೊಡಗಿದಳು. ಹತ್ತು ನಿಮಿಷಕ್ಕೆ ಹಿಂದಿನ ಸಾಲಿನಿಂದ ಯಾರೋ ಗಂಟಲು ಹರಿಯುವಂತೆ ಕೂಗಿದರು: “ವನ್ಸ್ ಮೋರ್!”

ನಿರ್ದೇಶಕರ ಕಣ್ಣು ತುಂಬಿತು. ಶಪಥ ಮರೆತು ರಂಗಕ್ಕೇ ಓಡಿ ಬಂದು ಕೈಮುಗಿದರು.

“ಯಾವ ಸೀನ್ ರೀ, ಯಜಮಾನ್ರ?”

“ಇಂಟರ್ವಲ್ ರೀ!”